ಗೋಡೆ ಸೀಲಿಂಗಿಗೆ ಕೂಡುವ ಅಂಚಿನಲ್ಲಿ ಬಣ್ಣದ ಗೆರೆ ನೆಟ್ಟಗೆ ಬರಬೇಕಾದರೆ

ದುಬಾರಿ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಹೊಡೆಸಿದ ಕೋಣೆಯೂ ಕಚ್ಚಾ ಕೆಲಸದಂತೆ ಕಾಣುವುದು ಬಹುಪಾಲು ಒಂದೇ ಜಾಗದಿಂದ: ಗೋಡೆ ಸೀಲಿಂಗಿಗೆ ಕೂಡುವ ಆ ಅರ್ಧ ಇಂಚಿನಿಂದ. ಗೆರೆ ಹಾವು ಹರಿದ ಹಾಗೆ ಹೋಗಿರುತ್ತದೆ, ಬಿಳಿ ಸೀಲಿಂಗಿಗೆ ಅಲ್ಲಲ್ಲಿ ಗೋಡೆಯ ಬಣ್ಣ ಮೆತ್ತಿಕೊಂಡಿರುತ್ತದೆ, ಮೂಲೆಯ ಕೂದಲೆಳೆ ಬಿರುಕು ಆರು ತಿಂಗಳಿಗೇ ಮತ್ತೆ ಬಾಯಿ ಬಿಟ್ಟಿರುತ್ತದೆ. ಎಲ್ಲರೂ ದೂರುವುದು ಪೇಂಟರ್ ಕೈಯನ್ನು. ಕೈಯ ಪಾಲು ಇದರಲ್ಲಿ ಕಡಿಮೆ. ನಮ್ಮ ಕಡೆಯ ಮನೆಗಳಲ್ಲಿ ಗೋಡೆ ಸೀಲಿಂಗಿಗೆ ಕೂಡುವ ಈ ಮೂಲೆಯೇ ನೆಟ್ಟಗಿರುವುದಿಲ್ಲ. ಸೊಟ್ಟ ಮೂಲೆಯನ್ನು ಎಷ್ಟು ಚೆನ್ನಾಗಿ ಹಿಂಬಾಲಿಸಿದರೂ ಗೆರೆ ಸೊಟ್ಟಗೇ ಬರುತ್ತದೆ. ಹಾಗಾಗಿ ಗೆರೆ ಎಲ್ಲಿ ಬರಬೇಕೆಂದು ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಬ್ರಷ್ ಕೈಗೆತ್ತಿಕೊಳ್ಳಬೇಕು.

ಇನ್ನೊಂದು ತೊಂದರೆ ಹವೆಯದು. ಮನೆಗೆ ಬಣ್ಣ ಕಾಣುವುದು ಯುಗಾದಿಗೆ ಮುಂಚೆ, ದೀಪಾವಳಿಗೆ ಮುಂಚೆ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಯ ವರ್ಷ ಅದಕ್ಕೂ ಮುಂಚೆ. ಜಾತ್ರೆ, ಯುಗಾದಿ ಎರಡೂ ಬಿಸಿಲು ಏರುವ ಹೊತ್ತಿಗೇ ಬರುತ್ತವೆ. ಕಾದ ತಾರಸಿಯ ಕೆಳಗೆ ಎಮಲ್ಷನ್ ಹಚ್ಚಿದ ಕೆಲವೇ ನಿಮಿಷಕ್ಕೆ ಬಿಗಿದುಕೊಳ್ಳುತ್ತದೆ, ಬ್ರಷ್ ಎಳೆದರೆ ಜಗ್ಗುತ್ತದೆ. ಬೇಸಿಗೆಯಲ್ಲಿ ಅಂಚಿನ ಕೆಲಸವನ್ನು ಬೆಳಿಗ್ಗೆ ಆರೂವರೆಯಿಂದ ಹತ್ತೂವರೆಯೊಳಗೆ ಮುಗಿಸಿ, ಫ್ಯಾನ್ ಹಾಕಬೇಡಿ. ಚಿತ್ರದುರ್ಗದಲ್ಲಿ ಆಷಾಢದ ಗಾಳಿಯ ದಿನಗಳಲ್ಲಿ ಕೆಲಸ ಹಿಡಿದರೆ ಪಡುವಣ ಕಿಟಕಿ ಮುಚ್ಚಿರಲಿ. ಹಸಿ ಬಣ್ಣಕ್ಕೆ ಕೂತ ಧೂಳು ಮತ್ತೆ ಎಮರಿ ಹಿಡಿಯದೆ ಹೋಗುವುದಿಲ್ಲ.

ಮೊದಲು ಮೂಲೆಯನ್ನು ಓದಿ

ಮೂರು ಪರೀಕ್ಷೆ ಮಾಡಿ. ಮೂರಕ್ಕೂ ಸೇರಿ ಕಾಲು ಗಂಟೆ ಸಾಕು.

ಒಂದು, ದಾರ. ಇಬ್ಬರು ಗೋಡೆಯ ಎರಡು ತುದಿಯಲ್ಲಿ ನಿಂತು, ಸೀಲಿಂಗಿಗೆ ತಾಗುವಂತೆ ಗೋಡೆಯ ಉದ್ದಕ್ಕೂ ಗಾರೆಯವರ ನೂಲನ್ನು ಬಿಗಿಯಾಗಿ ಹಿಡಿಯಿರಿ. ನೂಲಿಗೂ ಮೂಲೆಗೂ ನಡುವೆ ಎಲ್ಲೆಲ್ಲಿ ಎಷ್ಟು ಸಂದು ಬೀಳುತ್ತದೆ ನೋಡಿ. 2–3 ಮಿ.ಮೀ. ಒಳಗಿದ್ದರೆ ಮೂಲೆಯನ್ನೇ ಹಿಡಿದು ಬಣ್ಣ ಹೊಡೆಯಬಹುದು. 3ರಿಂದ 8 ಮಿ.ಮೀ. ಇದ್ದರೆ ತಗ್ಗಿಗೆ ಸಿಮೆಂಟ್ ಗಾರೆ ತುಂಬಿ ಮೇಲೆ ತೆಳ್ಳಗೆ ಪುಟ್ಟಿ ತೀಡಬೇಕು, ಇಲ್ಲವೇ ಗೆರೆಯನ್ನೇ ಮೂಲೆಯಿಂದ ಸ್ವಲ್ಪ ಕೆಳಗಿಳಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಮೂಲೆಯ ಆಸೆ ಬಿಟ್ಟುಬಿಡಿ. ಎರಡು ಇಂಚು ಕೆಳಗೆ ಬಾರ್ಡರ್ ಪಟ್ಟಿ ಮಾಡುವುದೇ ಲೇಸು. ಅದರ ವಿಧಾನ ಮುಂದೆ ಇದೆ.

ಎರಡು, ಅಂಗೈ. ಸೀಲಿಂಗಿನ ಅಂಚನ್ನು ಒಣ ಅಂಗೈಯಿಂದ ಜೋರಾಗಿ ಉಜ್ಜಿ. ಬಿಳಿ ಪುಡಿ ಮೆತ್ತಿದರೆ ಅಲ್ಲಿರುವುದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಇದರ ಮೇಲೆ ಟೇಪ್ ಅಂಟಿಸಿದರೆ ಕೀಳುವಾಗ ಪದರವೇ ಕಿತ್ತುಬರುತ್ತದೆ. ಎಮಲ್ಷನ್ ಹೊಡೆದರೆ ಅದೂ ವರ್ಷದೊಳಗೆ ಸಿಪ್ಪೆ ಏಳುತ್ತದೆ. ಇಂಥ ಕಡೆ ಗೋಡೆಯ ಮೇಲ್ಭಾಗ ಮತ್ತು ಸೀಲಿಂಗಿನ ಅಂಚಿನಲ್ಲಿ ಕನಿಷ್ಠ ಆರಾರು ಇಂಚು ಬ್ಲೇಡಿನಿಂದ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಕೋಟ್) ಕೊಡಲೇಬೇಕು.

ಮೂರು, ಟಾರ್ಚು. ಸಂಜೆ ದೀಪ ಆರಿಸಿ, ಟಾರ್ಚನ್ನು ಸೀಲಿಂಗಿಗೆ ಸಮನಾಗಿ ಹಿಡಿದು ಮೂಲೆಯುದ್ದಕ್ಕೂ ಬೆಳಕು ಬಿಡಿ. ಗಾರೆಯ ಉಬ್ಬು, ಪುಟ್ಟಿಯ ಗೀರು, ಹಳೆ ಬ್ರಷ್ ಕೂದಲು, ಜೇಡರ ಬಲೆ ಎಲ್ಲವೂ ನೆರಳು ಬಿಟ್ಟು ತಾವೇ ತೋರಿಸಿಕೊಳ್ಳುತ್ತವೆ. ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ.

ಅಡುಗೆಮನೆಯ ಮೇಲಂಚಿನಲ್ಲಿ ಒಗ್ಗರಣೆಯ ಜಿಡ್ಡು ಕೂತಿರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಾದರೆ ಎಲ್ಲ ಕೋಣೆಯಲ್ಲೂ ಮಸಿ. ಎರಡರ ಮೇಲೂ ಬಣ್ಣ ಹಿಡಿಯುವುದಿಲ್ಲ, ಟೇಪೂ ಅಂಟುವುದಿಲ್ಲ. ಮಸಿಯನ್ನು ಮೊದಲು ಒಣ ಬ್ರಷ್‌ನಿಂದ ಉದುರಿಸಿ. ಒದ್ದೆ ಬಟ್ಟೆ ಮೊದಲೇ ಮುಟ್ಟಿಸಿದರೆ ಗೋಡೆಯೆಲ್ಲ ಸಾರಿಸಿದಂತಾಗುತ್ತದೆ. ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಒಂದು ದಿನ ಒಣಗಲು ಬಿಡಿ.

ಮೂಲೆಯ ಬಿರುಕಿಗೆ ಪುಟ್ಟಿ ಮದ್ದಲ್ಲ

ಮೇಲಿನ ಮಹಡಿಯ ಕೋಣೆಗಳಲ್ಲಿ, ಇಲ್ಲವೇ ಒಂದೇ ಅಂತಸ್ತಿನ ಆರ್‌ಸಿಸಿ ಮನೆಯಲ್ಲಿ, ಗೋಡೆ ತಾರಸಿಗೆ ಕೂಡುವಲ್ಲಿ ಉದ್ದಕ್ಕೂ ಒಂದು ಸಣ್ಣ ಬಿರುಕು ಇರುವುದು ಮಾಮೂಲು. ಏಪ್ರಿಲ್ ಬಿಸಿಲಿಗೆ ಸ್ಲ್ಯಾಬ್ ಹಗಲೆಲ್ಲ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗಿನ ಇಟ್ಟಿಗೆ ಗೋಡೆ ಅಷ್ಟು ಅಲುಗಾಡುವುದಿಲ್ಲ. ಇಬ್ಬರ ಜಗಳ ಸಂದಿನಲ್ಲಿ ಒಡೆಯುತ್ತದೆ. ಪುಟ್ಟಿ ಒಣಗಿದರೆ ಕಲ್ಲು. ಅದು ಬಗ್ಗುವುದಿಲ್ಲ, ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಸೀಳುತ್ತದೆ. ಇಲ್ಲಿಗೆ ಬೇಕಾದದ್ದು ಹಿಗ್ಗಿ ಕುಗ್ಗುವ ಅಕ್ರಿಲಿಕ್ ಸೀಲೆಂಟ್.

ಅಂಗಡಿಯಲ್ಲಿ ಸಿಲಿಕೋನ್ ಕೊಟ್ಟರೆ ವಾಪಸ್ ಮಾಡಿ. ನೋಡಲು ಎರಡೂ ಒಂದೇ ಥರದ ಟ್ಯೂಬು, ಆದರೆ ಸಿಲಿಕೋನ್ ಮೇಲೆ ಎಮಲ್ಷನ್ ನಿಲ್ಲುವುದೇ ಇಲ್ಲ, ಹನಿ ಹನಿಯಾಗಿ ಜಾರುತ್ತದೆ. ಟ್ಯೂಬಿನ ಮೇಲೆ ‘ಪೇಂಟ್ ಮಾಡಬಹುದು’ ಎಂಬ ಅರ್ಥದ ಬರಹ ಇದೆಯೇ ನೋಡಿಕೊಳ್ಳಿ.

ಕ್ರಮ ಹೀಗೆ. ಪುಟ್ಟಿ ಬ್ಲೇಡಿನ ಮೂಲೆಯಿಂದ ಬಿರುಕನ್ನು 2–3 ಮಿ.ಮೀ. ಅಗಲಕ್ಕೆ ಬಿಡಿಸಿ, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಸುತ್ತಲಿನ ಗುಂಡಿ, ಗೀರುಗಳಿಗೆ ಪುಟ್ಟಿ ಹಾಕುವುದಿದ್ದರೆ ಅದು ಮೊದಲು: 1 ಕೆ.ಜಿ. ವಾಲ್ ಪುಟ್ಟಿಗೆ ಸುಮಾರು 360–400 ಮಿ.ಲೀ. ನೀರು, ಕಲಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಗೋಡೆಗೆ ಮೊದಲು ನೀರು ಚಿಮುಕಿಸಿರಬೇಕು. ಎರಡು ಪದರ ಸೇರಿ ಒಂದೂವರೆ ಮಿ.ಮೀ. ದಾಟದಿರಲಿ. ಆಳವಾದ ತಗ್ಗಿಗೆ ಪುಟ್ಟಿಯನ್ನೇ ತುಂಬಿದರೆ ಉದುರುತ್ತದೆ. ಅಲ್ಲಿಗೆ ಸಿಮೆಂಟ್ ಗಾರೆ ಬೇಕು. ಒಣಗಿದ ಮೇಲೆ 180 ನಂಬರ್ ಎಮರಿ, ಕೊನೆಗೆ 320, ಆಮೇಲೆ ಪ್ರೈಮರ್. ಮಾರನೇ ದಿನ ಸೀಲೆಂಟ್: ಟ್ಯೂಬಿನ ಮೂತಿಯನ್ನು ಓರೆಯಾಗಿ, 4 ಮಿ.ಮೀ. ತೂತು ಬರುವಂತೆ ಕತ್ತರಿಸಿ, ಟ್ಯೂಬ್ ಒತ್ತುವ ಗನ್ನಿಗೆ ಹಾಕಿ, ನಿಲ್ಲಿಸದೆ ಮೂರ್ನಾಲ್ಕು ಅಡಿ ಎಳೆಯಿರಿ. ಒದ್ದೆ ಬೆರಳನ್ನು ಒಂದೇ ಸಲ ಅದರ ಮೇಲೆ ಓಡಿಸಿ. ಎರಡನೇ ಸಲ ಸವರಿದರೆ ಗಂಟು ಕಟ್ಟುತ್ತದೆ. ಮೂಲೆಯಲ್ಲಿ ತೆಳ್ಳನೆಯ ದುಂಡು ಬರಬೇಕೇ ಹೊರತು ಹಗ್ಗ ಇಟ್ಟಂತೆ ಆಗಬಾರದು. ರಾತ್ರಿಯೆಲ್ಲ ಒಣಗಲಿ. ಇದಕ್ಕೆ ಎಮರಿ ಹಚ್ಚಬೇಡಿ, ರಬ್ಬರಿನಂತೆ ಸುರುಳಿ ಏಳುತ್ತದೆ.

ಈ ಸೀಲೆಂಟಿನಿಂದ ಇನ್ನೊಂದು ಲಾಭ: ಗಾರೆಯ ಒರಟು ಮುಚ್ಚಿ ಮೂಲೆ ನುಣುಪಾಗುವುದರಿಂದ ಬ್ರಷ್ ಅಲ್ಲಿ ತೊಡರುವುದಿಲ್ಲ.

5 ಮಿ.ಮೀ.ಗಿಂತ ಅಗಲದ ಬಿರುಕು, ಮೂಲೆಯಿಂದ ಗೋಡೆಗೆ ಓರೆಯಾಗಿ ಇಳಿದ ಬಿರುಕು, ತಿಂಗಳಿಂದ ತಿಂಗಳಿಗೆ ಬೆಳೆಯುವ ಬಿರುಕು ಪೇಂಟಿನ ಕೆಲಸಕ್ಕೆ ಸೇರಿದ್ದಲ್ಲ, ಎಂಜಿನಿಯರ್ ನೋಡಬೇಕು. ಹಾಗೆಯೇ ಅಂಚಿನಲ್ಲಿ ಕಂದು ಕಲೆ, ಉಪ್ಪಿನಂಥ ಬಿಳಿ ಹೂವು ಕಂಡರೆ ಮೇಲೆ ತಾರಸಿಗೂ ಪ್ಯಾರಾಪೆಟ್ ಗೋಡೆಗೂ ಸೇರುವ ಜಾಗದಲ್ಲಿ ನೀರು ಇಳಿಯುತ್ತಿದೆ ಎಂದರ್ಥ. ಮೇಲಿನದು ಸರಿ ಮಾಡಿ, ಕೆಳಗೆ ಪೂರ್ತಿ ಒಣಗಿದ ಮೇಲೆ ಕಲೆಯಷ್ಟು ಜಾಗಕ್ಕೆ ಆಯಿಲ್ ಪ್ರೈಮರ್ ಕೊಡಿ. ನೀರಿನ ಪ್ರೈಮರ್ ಕೊಟ್ಟರೆ ಆ ಕಂದು ಕಲೆ ಎರಡು ಕೋಟ್ ಎಮಲ್ಷನ್ನನ್ನೂ ದಾಟಿ ಹೊರಗೆ ಬರುತ್ತದೆ.

ಸಾಮಾನು

12×10 ಅಡಿಯ ಕೋಣೆ ಎಂದಿಟ್ಟುಕೊಳ್ಳಿ. ಸುತ್ತಳತೆ 44 ಅಡಿ, ಅಂದರೆ ಸುಮಾರು ಹದಿಮೂರೂವರೆ ಮೀಟರ್. 20 ಮೀಟರಿನ ಒಂದು ಟೇಪ್ ಸುರುಳಿ ಸಾಕು, ಒಂದು ಟ್ಯೂಬ್ ಸೀಲೆಂಟ್ ಧಾರಾಳ. ಮೂರು ಇಂಚು ಅಗಲದ ಅಂಚಿಗೆ ಎರಡು ಕೋಟಿಗೆ ಬೇಕಾಗುವ ಬಣ್ಣ ಹೆಚ್ಚೆಂದರೆ 100 ಮಿ.ಲೀ. ಇಷ್ಟಕ್ಕೆ ನಾಲ್ಕು ಲೀಟರಿನ ಡಬ್ಬ ಹಿಡಿದು ಏಣಿ ಹತ್ತುವುದು ಯಾಕೆ? ಅಗಲ ಬಾಯಿಯ ಪ್ಲಾಸ್ಟಿಕ್ ಮಗ್ಗಿಗೆ ಕಾಲು ಲೀಟರ್ ಹಾಕಿಕೊಳ್ಳಿ.

ಬ್ರಷ್‌ಗೆ ಮಾತ್ರ ಕಂಜೂಸಿ ಬೇಡ. ಎರಡು ಇಂಚಿನ, ಸಿಂಥೆಟಿಕ್ ಎಳೆಯ, ತುದಿ ತೆಳುವಾಗಿ ಕೂಡುವ ಬ್ರಷ್ ಬೇಕು. ತುದಿ ಓರೆ ಇರುವ ಬ್ರಷ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರಾಣಿ ಕೂದಲಿನ ಬ್ರಷ್ ಆಯಿಲ್ ಪೇಂಟಿಗೆ ಸರಿ. ಎಮಲ್ಷನ್ನಿನ ನೀರು ಕುಡಿದು ಮೆತ್ತಗಾಗಿ ತುದಿ ಚದುರುತ್ತದೆ. ಹೊಸ ಬ್ರಷ್ಷನ್ನು ಹಿಂದಿನ ದಿನವೇ ಸೋಪಿನ ನೀರಲ್ಲಿ ತೊಳೆದು, ಉದುರುವ ಎಳೆ ಎಳೆದು ತೆಗೆದು ಒಣಗಿಸಿ. ಇದರ ಜೊತೆಗೆ ತಿದ್ದಲು ಅರ್ಧ ಇಂಚಿನ ಚಪ್ಪಟೆ ಬ್ರಷ್, 4 ಇಂಚಿನ ಸಣ್ಣ ರೋಲರ್, 9 ಇಂಚಿನ ದೊಡ್ಡ ರೋಲರ್, ಒದ್ದೆ ಬಟ್ಟೆ, ಗಟ್ಟಿಯಾದ ಮಡಿಸುವ ಏಣಿ. 10 ಅಡಿ ಎತ್ತರದ ಸೀಲಿಂಗ್ ಆದರೆ ಗೆರೆ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರುವಷ್ಟು ಎತ್ತರಕ್ಕೆ ನಿಲ್ಲಬೇಕು. ತುದಿಗಾಲಲ್ಲಿ ನಿಂತ ಕೈ ನಡುಗದೆ ಇರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ.

ಬಣ್ಣಕ್ಕೆ ಬೆರೆಸುವ ನೀರು ಕುಡಿಯಲು ಬಳಸುವ ನೀರೇ ಆಗಿರಲಿ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವಷ್ಟು ಲವಣ ಇರುತ್ತದೆ. ಅದು ಬಣ್ಣಕ್ಕೆ ಬೇಕಿಲ್ಲ.

ಸೀಲಿಂಗ್ ಮೊದಲು, ಗೋಡೆ ಆಮೇಲೆ

ಸೀಲಿಂಗಿಗೆ ಎರಡು ಕೋಟ್ ಹೊಡೆಯುವಾಗ ಅದೇ ಬಣ್ಣವನ್ನು ಗೋಡೆಯ ಮೇಲೂ ಎರಡು ಇಂಚು ಇಳಿಸಿ. ಇದನ್ನು ಬಿಟ್ಟವರೇ ಹೆಚ್ಚು. ಇಳಿಸದಿದ್ದರೆ ಗೋಡೆಯ ಗೆರೆ ಒಂದು ಎಳೆ ಕೆಳಗೆ ಬಂದರೂ ನಡುವೆ ಹಳೇ ಬಣ್ಣದ ದಾರ ಕಾಣುತ್ತದೆ. ಇಳಿಸಿದ್ದರೆ ಬಿಳಿಯೇ ಕಾಣುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸೀಲಿಂಗ್ ಬಣ್ಣ ಒಂದು ದಿನ ಪೂರ್ತಿ ಒಣಗಲಿ. ಟೇಪ್ ಅಂಟಿಸುವುದಿದ್ದರೆ ಎರಡು ದಿನ.

ಗೆರೆಯನ್ನು ಎಲ್ಲಿ ಎಳೆಯಬೇಕು? ಮೂಲೆಯ ನಟ್ಟನಡು ಸಂದಿನಲ್ಲಂತೂ ಬೇಡ. ಅಲ್ಲಿ ಬ್ರಷ್ ತುದಿ ಸೀಲಿಂಗಿಗೆ ತಾಗದೆ ಇರಲಾರದು. ಗೋಡೆಯ ಮೇಲೆ, ಮೂಲೆಯಿಂದ 2–3 ಮಿ.ಮೀ. ಕೆಳಗೆ ಎಳೆಯಿರಿ. ಮೂಲೆ ಅಂಕುಡೊಂಕಾಗಿದ್ದರೆ ಎಲ್ಲಕ್ಕಿಂತ ತಗ್ಗಾದ ಜಾಗ ಹುಡುಕಿ, ಅದಕ್ಕೂ 2 ಮಿ.ಮೀ. ಕೆಳಗೆ ಬರುವಂತೆ ಎರಡು ತುದಿಗೆ ಗುರುತು ಹಾಕಿ ನೂಲು ಬಿಗಿಯಿರಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಅಡಿಗೊಂದು ಚುಕ್ಕೆ ಇಡಿ. ನೀಲಿ ಅಥವಾ ಕೆಮ್ಮಣ್ಣಿನ ಪುಡಿ ಹಚ್ಚಿದ ದಾರ ಹೊಡೆಯಬೇಡಿ, ತಿಳಿ ಬಣ್ಣದೊಳಗಿಂದ ಅದು ಇಣುಕುತ್ತದೆ. ಗೆರೆ ನೆಟ್ಟಗಿದ್ದರೆ ಮೇಲೆ ಬಿಳಿ ಒಂದು ಕಡೆ 2, ಇನ್ನೊಂದು ಕಡೆ 7 ಮಿ.ಮೀ. ಇದ್ದರೂ ಕೆಳಗೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ರಸಮಟ್ಟ ಹಿಡಿಯುವ ಹುಮ್ಮಸ್ಸೂ ಬೇಡ. ಸೀಲಿಂಗೇ ವಾಲಿದ್ದಾಗ ಮಟ್ಟದ ಗೆರೆ ಎಳೆದರೆ ವಾಲಿಕೆ ಎದ್ದು ಕಾಣುತ್ತದೆ.

ಟೇಪಿಲ್ಲದೆ, ಕೈಯಿಂದ

ಕಲಿತ ಕೈಗೆ ಇದೇ ಬೇಗದ ದಾರಿ. ಪುಡಿ ಏಳುವ ಸೀಲಿಂಗಿಗೆ ಇದೊಂದೇ ದಾರಿ. ಬಾಗಿಲ ಹಿಂದಿನ ಗೋಡೆಯಿಂದ ಶುರು ಮಾಡಿ. ಎದುರು ಗೋಡೆಗೆ ಬರುವಷ್ಟರಲ್ಲಿ ಕೈ ಕುದುರುತ್ತದೆ.

ಬ್ರಷ್ಷಿನ ಎಳೆಯ ಮೂರನೇ ಒಂದು ಭಾಗವಷ್ಟೇ ಬಣ್ಣದಲ್ಲಿ ಅದ್ದಿ. ಮಗ್ಗಿನ ಒಳಗೋಡೆಗೆ ಎರಡೂ ಕಡೆ ಮೆಲ್ಲಗೆ ತಟ್ಟಿ. ಅಂಚಿಗೆ ಒರೆಸಿ ಹಿಂಡಿದರೆ ಬಣ್ಣವೆಲ್ಲ ಹೋಗಿ ಗೆರೆ ಅರ್ಧ ಅಡಿಗೇ ಒಡೆಯುತ್ತದೆ. ಬ್ರಷ್ಷನ್ನು ಪೆನ್ಸಿಲ್ ಹಿಡಿದಂತೆ, ತಗಡಿನ ಪಟ್ಟಿಯ ಹತ್ತಿರ ಹಿಡಿಯಿರಿ. ಮೊದಲ ಎಳೆತ ಗೆರೆಗಿಂತ ಸುಮಾರು ಒಂದು ಸೆಂ.ಮೀ. ಕೆಳಗೆ. ಇದು ಗೋಡೆಗೆ ಬಣ್ಣ ಇಳಿಸಿಕೊಳ್ಳಲು ಮಾತ್ರ. ಎರಡನೇ ಎಳೆತದಲ್ಲಿ ಬ್ರಷ್ ಸ್ವಲ್ಪ ಒತ್ತಿ; ಎಳೆಗಳು ಬೀಸಣಿಗೆಯಾಗಿ ಬಿಚ್ಚಿಕೊಂಡು ಮೇಲಿನ ತುದಿ ತೆಳ್ಳಗೆ ನಿಲ್ಲುತ್ತದೆ. ಆ ತುದಿಯ ಮುಂದೆ ಹಸಿ ಬಣ್ಣದ ಸಣ್ಣ ಮಣಿ ಕಟ್ಟಿರುತ್ತದೆ. ಗೋಡೆಗೆ ತಾಗಿ ಗೆರೆ ಬರೆಯುವುದು ಆ ಮಣಿಯೇ. ಅದನ್ನು ಮೆಲ್ಲಗೆ ಗುರುತಿನವರೆಗೆ ತಳ್ಳಿ, ಒಂದು–ಒಂದೂವರೆ ಅಡಿ ನಿಲ್ಲಿಸದೆ ಎಳೆಯಿರಿ. ಮಣಿ ಬತ್ತಿತೆಂದರೆ ಎಳೆತ ಮುಗಿಯಿತು. ಒಣ ಬ್ರಷ್ ಎಳೆದರೆ ಗೆರೆ ಗರಗಸದ ಹಲ್ಲಾಗುತ್ತದೆ. ಮಣಿ ದಪ್ಪವಾದರೆ ಸೀಲಿಂಗಿಗೆ ಹತ್ತುತ್ತದೆ.

ಕಣ್ಣು ಬ್ರಷ್ ತುದಿಯ ಮೇಲಿರಬಾರದು, ಎರಡು ಇಂಚು ಮುಂದಿನ ಚುಕ್ಕೆಯ ಮೇಲಿರಬೇಕು. ಮಣಿಕಟ್ಟು ತಿರುಗಿಸಿದರೆ ಗೆರೆ ಕಮಾನಾಗುತ್ತದೆ, ಆದ್ದರಿಂದ ಭುಜದಿಂದ ತೋಳನ್ನೇ ಸರಿಸಿ. ಮುಂದಿನ ಎಳೆತವನ್ನು ಒಣ ಜಾಗದಲ್ಲಿ ಶುರು ಮಾಡಿ ಹಿಂದಿನ ಹಸಿ ಬಣ್ಣದೊಳಕ್ಕೆ ಎಳೆದು ತಂದರೆ ಜೋಡಣೆ ಕಾಣುವುದಿಲ್ಲ.

ಸೀಲಿಂಗಿಗೆ ತಾಗಿತೇ? ಗಾಬರಿಯಾಗಿ ಬೆರಳಲ್ಲಿ ಉಜ್ಜಬೇಡಿ. ಪುಟ್ಟಿ ಬ್ಲೇಡಿಗೆ ಒದ್ದೆ ಬಟ್ಟೆ ಒಂದು ಸುತ್ತು ಸುತ್ತಿ, ಗೆರೆಯಿಂದ ದೂರಕ್ಕೆ ಒಂದೇ ಸಲ ಒರೆಸಿ.

ಹಳೆ ಎಕ್ಸ್‌ರೇ ಹಾಳೆಯನ್ನೋ ಅಗಲ ಬ್ಲೇಡನ್ನೋ ಅಡ್ಡ ಹಿಡಿದು ಹೊಡೆಯುವವರಿದ್ದಾರೆ. ತಪ್ಪಲ್ಲ, ಆದರೆ ಪ್ರತಿ ಸಲ ಸರಿಸುವ ಮುಂಚೆ ಅದರ ಅಂಚು ಎರಡೂ ಕಡೆ ಒರೆಸಲೇಬೇಕು. ಒರೆಸದಿದ್ದರೆ ಹಿಂದೆ ನುಸುಳಿದ ಬಣ್ಣ ಸೀಲಿಂಗಿಗೆ ಛಾಪು ಒತ್ತುತ್ತಾ ಹೋಗುತ್ತದೆ.

ಟೇಪ್ ಹಚ್ಚಿ

ಗೋಡೆಗೆ ಕಡು ನೀಲಿ, ಮರೂನ್‌ನಂಥ ಗಾಢ ಬಣ್ಣವಾದರೆ ಟೇಪ್ ಹಚ್ಚುವುದೇ ಕ್ಷೇಮ. ಕೆನೆ ಬಣ್ಣದ ಸಾಮಾನ್ಯ ಮಾಸ್ಕಿಂಗ್ ಟೇಪನ್ನು ಅಂಟಿಸಿದ ದಿನವೇ ಕೀಳಬೇಕು. ಸೆಕೆಗೆ ಅದರ ಅಂಟು ಕರಗಿ ಗೋಡೆಗೇ ಉಳಿಯುತ್ತದೆ. ಪೇಂಟರ್‌ಗಳ ನೀಲಿ ಟೇಪ್ ದುಬಾರಿಯಾದರೂ ಹಲವು ದಿನ ತಡೆಯುತ್ತದೆ. ಒಂದು ಇಂಚಿನದು ಸಾಕು. ಅಂಟಿಸುವ ಮುಂಚೆ ನಾಲ್ಕಿಂಚು ತುಂಡು ಒತ್ತಿ ಕಿತ್ತು ಅದರ ಹಿಂಬದಿ ನೋಡಿ. ಬಿಳಿ ಸಿಪ್ಪೆ ಬಂದಿದ್ದರೆ ಟೇಪಿನ ಯೋಚನೆ ಬಿಡಿ.

ಟೇಪಿನ ಕೆಳ ಅಂಚು ಗುರುತಿನ ಚುಕ್ಕೆಗಳ ಮೇಲೆ ಬರಬೇಕು, ಅದರ ಮೇಲಿನ ಬಿಳಿ ಭಾಗವನ್ನು ಟೇಪ್ ಮುಚ್ಚಬೇಕು. ಎರಡೆರಡು ಅಡಿ ಬಿಚ್ಚಿ ಅಂಟಿಸುತ್ತಾ ಹೋಗಿ. ಎಳೆದು ಬಿಗಿದರೆ ಆಮೇಲೆ ಕುಗ್ಗಿ ಮೂಲೆಯಲ್ಲಿ ಏಳುತ್ತದೆ. ಕೆಳ ಅಂಚನ್ನಷ್ಟೇ ಪುಟ್ಟಿ ಬ್ಲೇಡಿನ ಚಪ್ಪಟೆಯಿಂದ ಒತ್ತಿ.

ಇಷ್ಟಾದರೂ ಗಾರೆಯ ಒರಟಿನಲ್ಲಿ ಬಣ್ಣ ಟೇಪಿನಡಿ ನುಸುಳುತ್ತದೆ. ತಡೆಯುವ ಉಪಾಯ ಸುಲಭ: ಟೇಪಿನ ಅಂಚಿನ ಮೇಲೆ ಮೊದಲು ಸೀಲಿಂಗಿನದೇ ಬಿಳಿ ಬಣ್ಣವನ್ನು ತೆಳ್ಳಗೆ ಹಚ್ಚಿ ಅರ್ಧ ಗಂಟೆ ಬಿಡಿ. ನುಸುಳುವುದೇನಿದ್ದರೂ ಆ ಬಿಳಿ ನುಸುಳಿ ಸಂದು ಮುಚ್ಚುತ್ತದೆ. ಆಮೇಲೆ ಗೋಡೆಯ ಬಣ್ಣ ಎರಡು ತೆಳು ಕೋಟ್. ಒಂದೇ ದಪ್ಪ ಕೋಟ್ ಹೊಡೆದರೆ ಟೇಪಿನ ಬದಿಗೆ ದಿಂಡು ಕಟ್ಟುತ್ತದೆ.

ಕೊನೆಯ ಕೋಟ್ ಇನ್ನೂ ಅಂಟಂಟಾಗಿರುವಾಗಲೇ ಟೇಪ್ ಕೀಳಬೇಕು. ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಗೆರೆಯಿಂದ ಆಚೆಗೆ ಓರೆಯಾಗಿ, ನಿಧಾನ ಎಳೆಯಿರಿ. ಪೂರ್ತಿ ಒಣಗಿಬಿಟ್ಟಿದ್ದರೆ ಎಳೆಯುವ ಮುಂಚೆ ಟೇಪಿನ ಅಂಚಿಗೆ ಕಟರ್ ಬ್ಲೇಡನ್ನು ಹಗುರವಾಗಿ ಓಡಿಸಿ. ಇಲ್ಲದಿದ್ದರೆ ಬಣ್ಣದ ಪೊರೆಯೂ ಜೊತೆಗೇ ಏಳುತ್ತದೆ.

ಅಂಚು ಹಸಿಯಿರುವಾಗಲೇ ರೋಲರ್

ನಾಲ್ಕೂ ಗೋಡೆಯ ಅಂಚು ಮುಗಿಸಿ, ಊಟ ಮಾಡಿ, ಆಮೇಲೆ ರೋಲರ್ ಹಿಡಿದರೆ ಗೋಡೆಯ ಸುತ್ತ ಫೋಟೋ ಕಟ್ಟಿನಂತೆ ಗಾಢ ಪಟ್ಟಿ ಬೀಳುತ್ತದೆ. ಬ್ರಷ್ ಬಿಟ್ಟ ಮೈ ನುಣುಪು, ರೋಲರಿನದು ಸಣ್ಣ ಕಾಳು ಕಾಳು. ಎರಡೂ ಬೆಳಕನ್ನು ಬೇರೆ ಬೇರೆ ಥರ ತೋರಿಸುತ್ತವೆ. ಆದ್ದರಿಂದ ಒಂದು ಗೋಡೆಯ ಅಂಚು, ಕೂಡಲೇ ಅದೇ ಗೋಡೆಗೆ ರೋಲರ್. ಇಬ್ಬರಿದ್ದರೆ ಒಬ್ಬರು ಏಣಿಯ ಮೇಲೆ ಬ್ರಷ್, ಇನ್ನೊಬ್ಬರು ಐದು ಅಡಿ ಹಿಂದೆ ರೋಲರ್. ಸಣ್ಣ ರೋಲರನ್ನು ಅಡ್ಡಲಾಗಿ ಹಿಡಿದು ಗೆರೆಗೆ ಒಂದು ಇಂಚು ಹತ್ತಿರದವರೆಗೆ ಓಡಿಸಿದರೆ ಬ್ರಷ್ ಗುರುತು ಬಹುಪಾಲು ಮುಚ್ಚುತ್ತದೆ.

ಅಂಚಿಗೂ ಗೋಡೆಗೂ ಒಂದೇ ಬಕೆಟ್ಟಿನಲ್ಲಿ ಕಲಸಿದ ಬಣ್ಣವನ್ನೇ ಬಳಸಿ. ನೀರು ಎಷ್ಟೆಂದು ಡಬ್ಬದ ಮೇಲೆ ಬರೆದಿರುತ್ತದೆ. ಕೊನೆಯ ಕೋಟಿಗೆ ಅದರಲ್ಲಿ ಕನಿಷ್ಠ ಹೇಳಿದಷ್ಟೇ ಹಾಕಿ. ನೀರಾದ ಬಣ್ಣ ಗೆರೆ ಬಿಟ್ಟು ಕೆಳಗೆ ಸೋರುತ್ತದೆ.

ತೊಲೆ, ಬೀಮು, ಸಜ್ಜ, ಪಿಓಪಿ

ಗೋಡೆಯ ಮಟ್ಟಕ್ಕೇ ಇರುವ ಬೀಮಿಗೆ ಗೋಡೆಯ ಬಣ್ಣ. ಕೋಣೆಯ ನಡುವೆ ಅಡ್ಡ ಹಾಯುವ ಬೀಮಿನ ಮೂರೂ ಮೈಗೆ ಸೀಲಿಂಗಿನ ಬಿಳಿ. ಬದಿಗೊಂದು, ತಳಕ್ಕೊಂದು ಬಣ್ಣ ಕೊಟ್ಟರೆ ಗೆರೆಗಳ ಸಂಖ್ಯೆ ಹೆಚ್ಚುತ್ತದೆ, ತಪ್ಪೂ ಹೆಚ್ಚುತ್ತದೆ. ಸಜ್ಜದ ತಳವೂ ಬಿಳಿಯೇ ಇರಲಿ, ಅಡಿಯಲ್ಲಿ ಬೆಳಕು ಉಳಿಯುತ್ತದೆ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಾರ್ನಿಸ್, ಅಂದರೆ ಅಂಚಿನ ಅಲಂಕಾರದ ಪಟ್ಟಿ ಇದ್ದರೆ ಅದರ ಕೆಳತುಟಿಗೂ ಗೋಡೆಗೂ ನಡುವಿನ ಸಂದಿಗೆ ಸೀಲೆಂಟ್ ತುಂಬಿ ಅಲ್ಲಿಗೇ ಗೆರೆ ನಿಲ್ಲಿಸಿ.

ಚಿತ್ರದುರ್ಗದ ಕಡೆಯ ಹಳೆ ಮಾಳಿಗೆ ಮನೆಗಳಲ್ಲಿ ಜಂತೆಗಳು ಗೋಡೆಯೊಳಕ್ಕೇ ಇಳಿದಿರುತ್ತವೆ. ಹೆಂಚಿನ ಮನೆ, ಶೀಟಿನ ಮನೆಯಲ್ಲೂ ನೇರ ಅಂಚೆಂಬುದಿಲ್ಲ. ಅಲ್ಲಿಗೆ ಬಾರ್ಡರ್ ಪಟ್ಟಿಯೇ ಸರಿ: ಎಲ್ಲಕ್ಕಿಂತ ಕೆಳಗಿನ ಜಂತೆಯಿಂದ ಎರಡು–ಮೂರು ಇಂಚು ಕೆಳಗೆ ನೂಲು ಹಿಡಿದು ಗೆರೆ, ಅದರ ಮೇಲೆಲ್ಲ ಬಿಳಿ. ಜಂತೆಗೆ ಜಂತೆಗೆ ಸುತ್ತಿ ಗೋಡೆಯ ಬಣ್ಣ ಏರಿಸಹೋದರೆ ದಿನ ಕಳೆಯುತ್ತದೆ, ಅಂದವೂ ಬರುವುದಿಲ್ಲ.

ಅಂಚಿನ ಹತ್ತಿರ ವೈರಿಂಗ್ ಡಬ್ಬ, ಗೋಡೆ ದೀಪ ಇದ್ದರೆ ಒದ್ದೆ ಬಟ್ಟೆ ಮುಟ್ಟಿಸುವ ಮುಂಚೆ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ.

ತಿದ್ದುವುದು

ಪೂರ್ತಿ ಒಣಗಿದ ಮಾರನೇ ದಿನ, ಹಗಲು ಬೆಳಕಲ್ಲಿ ನೆಲದ ಮೇಲೆ ನಿಂತು ನೋಡಿ. ಏಣಿಯ ಮೇಲೆ ಕಂಡ ತಪ್ಪಿನಲ್ಲಿ ಅರ್ಧ ಕೆಳಗಿನಿಂದ ಕಾಣುವುದೇ ಇಲ್ಲ. ಅವುಗಳ ಗೊಡವೆ ಬೇಡ. ಕಾಣುವ ಕಡೆ, ಗೋಡೆಯ ಬಣ್ಣ ಮೇಲೇರಿದ್ದರೆ ಅರ್ಧ ಇಂಚಿನ ಬ್ರಷ್‌ನಲ್ಲಿ ಸೀಲಿಂಗಿನ ಬಿಳಿ ತೆಗೆದುಕೊಂಡು ಕೆಳಕ್ಕೆ ತಳ್ಳಿ. ಒಂದು ಉಬ್ಬನ್ನು ತಿದ್ದುವಾಗ ಅದರ ಎರಡೂ ಬದಿಗೆ ಒಂದೊಂದು ಗೇಣು ಸೇರಿಸಿ ಎಳೆಯಿರಿ, ಇಲ್ಲದಿದ್ದರೆ ಅಲ್ಲಿ ಹೊಸ ತಗ್ಗು ಹುಟ್ಟುತ್ತದೆ. ಗಾಢ ಬಣ್ಣ ಇಣುಕುತ್ತಿದ್ದರೆ ಬಿಳಿ ಎರಡು ಸಲ ಬೇಕಾಗುತ್ತದೆ, ನಡುವೆ ಎರಡು ಗಂಟೆ ಬಿಡಿ.

ಸೀಲಿಂಗಿನದು ಮತ್ತು ಗೋಡೆಯದು ನೂರು ನೂರು ಮಿ.ಲೀ. ಬಣ್ಣವನ್ನು, ನೀರು ಬೆರೆಸದೆ, ಬಿಗಿ ಮುಚ್ಚಳದ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿಡಿ. ನೀರು ಬೆರೆಸಿದ್ದು ಕೆಲವು ದಿನಕ್ಕೇ ಕೊಳೆತು ನಾರುತ್ತದೆ, ಅರ್ಧ ತುಂಬಿದ ಬಾಟಲಿಯಲ್ಲಿ ಕೆನೆ ಕಟ್ಟುತ್ತದೆ. ಬಾಟಲಿಯ ಮೇಲೆ ಕಂಪನಿ, ಶೇಡ್ ನಂಬರ್, ಯಾವ ಕೋಣೆ, ಯಾವ ತಿಂಗಳು ಎಂದು ಬರೆದು ಅಂಟಿಸಿ, ಬಿಸಿಲು ಬೀಳದ ಸಜ್ಜದ ಮೇಲಿಡಿ.